ಎಡೆಗಿಡುವ ವಿಮಾನ

ಆ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬಾಗಲಗುಂಟೆಯ ಮೇಲೆ ಮೋಡ ಇಳಿದು ಕೂತುಬಿಟ್ಟಿತ್ತು. ಮಳೆ ಅಂದರೆ ಮಳೆಯಲ್ಲ, ಮಂಜು ಅಂದರೆ ಮಂಜಲ್ಲ. ಜರಡಿಯಿಂದ ಹಿಟ್ಟು ಉದುರಿದ ಹಾಗೆ ಸೋನೆ. ಪೀಣ್ಯದ ಕಡೆಯ ಹೊಗೆ ಮೇಲೇರಲಾರದೆ ತಾರಸಿಗಳ ಮೇಲೆಯೇ ಸುತ್ತಾಡುತ್ತಿತ್ತು. ಕರೆಂಟೂ ಹೋಗಿತ್ತು. ಬಿಸಿಲಿನ ಒಂದು ಎಳೆ ಬಿದ್ದಿದ್ದರೂ ಈ ಕತೆ ನಡೆಯುತ್ತಿರಲಿಲ್ಲ. ಬೆಳ್ಳಿಯನ್ನು ಬೆಳ್ಳಿಯಾಗಿ ತೋರಿಸುವುದು ಬಿಸಿಲಿನ ಧರ್ಮ. ಮೋಡದ ಬೆಳಕಿಗೆ ಅದಿಲ್ಲ. ಮೋಡದಲ್ಲಿ ಒಳ್ಳೆಯ ಲೋಹವೂ ಮಾಸಿದಂತೆಯೇ ಕಾಣುವುದು.

ಈಶ್ವರಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಅವಳ ಮಾವನ ಕಾಲಕ್ಕೆ ರಾಗಿ ಹೊಲದವರೆಗೆ ಹಬ್ಬಿದ್ದ ಆ ಹಿತ್ತಲು ಈಗ ಒಂದೆರಡು ಮಂಚ ಹಾಕುವಷ್ಟು ಉಳಿದಿತ್ತು. ಸುತ್ತಲೂ ಬಾಡಿಗೆ ಮನೆಗಳ ಗೋಡೆ. ಆದರೂ ಅಲ್ಲೊಂದು ಹಂಡೆಯೊಲೆ ಇತ್ತು, ಒಲೆಯಲ್ಲಿ ಬೂದಿ ಇತ್ತು. ಮುಂದಿನ ಬೇಸಿನ್ನಿನಲ್ಲಿ ಹುಣಸೆಹಣ್ಣು ಕಿವುಚಿದ ನೀರು. ಅದರಲ್ಲಿ ಕಂಚಿನ ತಟ್ಟೆ, ಹಿತ್ತಾಳೆಯ ಚೊಂಬು, ದೀಪದ ಕಂಬ ಮುಳುಗಿ ನೆನೆಯುತ್ತಿದ್ದವು.

"ಹಿರಿಯರು ಬಾಯಿಂದ ಉಣ್ಣಾಕಿಲ್ಲ, ಕಣ್ಣಿಂದ ಉಣ್ಣಾದು," ಎಂದು ಅವಳ ಅತ್ತೆ ಹೇಳುತ್ತಿದ್ದಳು. "ಕಪ್ಪಿಟ್ಟ ಪಾತ್ರೆ ಕಂಡ್ರೆ ಹೊಸಿಲಿಂದಲೇ ಹಿಂದಕ್ಕೆ ಹೋಯ್ತಾರೆ." ಆ ಮಾತು ಈಶ್ವರಮ್ಮನ ಮೂಳೆಗೆ ಇಳಿದಿತ್ತು. ವರ್ಷಕ್ಕೊಮ್ಮೆ ಬರುವವರು ಹಸಿದು ಹಿಂದಿರುಗಿದರೆ ಮನೆಯಲ್ಲಿದ್ದು ಏನು ಫಲ?

"ಅತ್ತೆ, ಸಾಕು ಬನ್ನಿ, ನೆಂದ್ಬಿಡ್ತೀರ," ಎಂದು ಅಡಿಗೆಮನೆಯ ಕಿಟಕಿಯಿಂದ ಸೊಸೆ ಧನಲಕ್ಷ್ಮಿ ಕೂಗಿದಳು. ಅವಳು ಕಜ್ಜಾಯದ ಬಾಣಲೆಯ ಮುಂದೆ ನಿಂತಿದ್ದಳು. "ನಿಮ್ಮ ಕೈಗೆ ಸಿಕ್ಕಿದ್ರೆ ಚಂದ್ರನ್ನೂ ಬಿಡಲ್ಲ ನೀವು. ಉಜ್ಜಿ ಉಜ್ಜಿ ಕಲೆ ತೆಗೆದುಬಿಡ್ತೀರ."

"ಅಮಾಸೆ ದಿನ ಚಂದ್ರನ್ನ ಎಲ್ಲಿಂದ ತರ್ಲೇ? ನಿನ್ನ ಕಜ್ಜಾಯ ಸೀದು ವಾಸ್ನೆ ಬತ್ತಾ ಅದೆ, ಮೊದ್ಲು ಅದನ್ನ ನೋಡು," ಎಂದಳು ಈಶ್ವರಮ್ಮ. ಹೇಳುತ್ತಲೇ ಒಣಬಟ್ಟೆಯಲ್ಲಿ ಸುತ್ತಿಟ್ಟಿದ್ದ ವಿಮಾನವನ್ನು ಕೈಗೆತ್ತಿಕೊಂಡಳು.

ಮೊಳದುದ್ದದ ವಿಮಾನ. ಅವಳ ಮಗ ರಾಜೇಂದ್ರ ಮಾಡಿದ್ದು. ವಾರವೆಲ್ಲ ಪೀಣ್ಯದ ಶೆಡ್ಡೊಂದರಲ್ಲಿ ಯಂತ್ರದ ಭಾಗಗಳಿಗೆ ಸ್ಪ್ರೇ ಬಣ್ಣ ಹೊಡೆಯುವ ಅವನಿಗೆ ಭಾನುವಾರವೂ ಅದೇ ಬಣ್ಣ, ಅದೇ ಗಾಳಿಯ ಪಿಚಕಾರಿ. ಆದರೆ ತಾರಸಿಯ ಶೀಟಿನ ಕೋಣೆಯಲ್ಲಿ ಕೂತು, ಆಟಿಕೆಯಂಥ ವಿಮಾನಗಳಿಗೆ. ಮಂಡಿನೋವಿನ ಈಶ್ವರಮ್ಮ ಆ ಮೆಟ್ಟಿಲು ಹತ್ತುವವಳಲ್ಲ. ಕೆಳಗೆ ಇಳಿದುಬಂದವುಗಳನ್ನು ನೋಡುವುದಷ್ಟೇ. ಇದುವರೆಗೆ ಬಂದವೆಲ್ಲ ಹಸಿರು, ಬೂದಿ, ಮಣ್ಣಿನ ಬಣ್ಣದವು. ಇಂಥ ಬಿಳಿಲೋಹದ್ದು ಇದೇ ಮೊದಲು.

ಹಿಂದಿನ ಸಂಜೆ ಅವನು ಅದನ್ನು ತಂದು, ದೇವರಮನೆಯ ಪಾತ್ರೆಗಳ ಹಲಗೆಯ ಮೇಲೆ ಮೆಲ್ಲಗೆ ಇಟ್ಟಿದ್ದ. ಪಕ್ಕದಲ್ಲಿ ಅಂಗೈಯಗಲದ ಒಂದು ತಗಡಿನ ಚೂರು, ಜಿಡ್ಡುಗಟ್ಟಿ ಮಂಕಾದದ್ದು.

"ಅಮ್ಮಾ, ಇದು ನಾಳೆ ಎಡೆಗೆ ಇಡೋದು. ಹುಷಾರು," ಎಂದಿದ್ದ. "ಬರಿಗೈಲಿ ಮುಟ್ಟಬೇಡ. ಲೋಹಕ್ಕೆ ಬೆವರು ಕಚ್ಚುತ್ತೆ." ಅಷ್ಟು ಹೇಳಿ ರಾತ್ರಿ ಪಾಳಿಗೆ ಹೊರಟುಹೋಗಿದ್ದ.

ಎಡೆಗೆ ಇಡೋದು! ಈಶ್ವರಮ್ಮ ಕೂಡಲೇ ಅದನ್ನು ಒಣಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ತೀರಿಹೋದ ಅವಳ ಗಂಡ ಪಾಪಯ್ಯ, ರಾಗಿ ಹೊಲದ ಬದುವಿನಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಜಾಲಹಳ್ಳಿಯ ಕಡೆಗೆ ಹಾರುವ ವಿಮಾನಗಳನ್ನು ಕತ್ತು ನೋಯುವವರೆಗೆ ನೋಡುತ್ತಿದ್ದವನು. ಅಪ್ಪನ ಆಸೆ ಮಗ ಮರೆತಿಲ್ಲ ಎಂದುಕೊಂಡಳು. ಊಟದ ಜೊತೆ ಬೀಡಿ ಇಡುತ್ತೇವೆ, ಎಲೆಅಡಿಕೆ ಇಡುತ್ತೇವೆ, ಮಡಿ ಪಂಚೆ ಇಡುತ್ತೇವೆ. ವಿಮಾನ ಯಾಕೆ ಇಡಬಾರದು?

ಈಗ, ಮೋಡದ ಬೆಳಕಿನಲ್ಲಿ, ಅದನ್ನು ತಿರುಗಿಸಿ ನೋಡಿದಳು. ಮೂತಿ ಭಾರವಾಗಿತ್ತು. ಹೊಟ್ಟೆಯ ಕೆಳಗೆ ಎಣ್ಣೆ ಸೋರಿ ಒಣಗಿದ ಕಲೆ. ಹಿಂದಿನ ಕೊಳವೆಯ ಸುತ್ತ, ಸಾರು ಸೀದ ಪಾತ್ರೆಯ ತಳದಲ್ಲಿ ಮೂಡುವಂಥ ನೀಲಿ, ಕಂದು. ರೆಕ್ಕೆಯ ಒಂದು ತುಂಡು ಹೊಳೆಯುತ್ತಿದೆ, ಪಕ್ಕದ್ದು ಮಾಸಿದೆ, ಅದರಾಚೆಯದು ಇನ್ನೂ ಮಾಸಿದೆ. ಅವಳು ತವರಿನಿಂದ ತಂದ ಅನ್ನದ ತಪ್ಪಲೆ ಹೀಗೆಯೇ ಇತ್ತು, ಇದೇ ಬಣ್ಣ.

ಇಂಡಾಲಿಯಂ, ಎಂದುಕೊಂಡಳು. ಮಾಡಿದವನಿಗೆ ತೊಳೆಯುವ ತಾಳ್ಮೆ ಎಲ್ಲಿ? ಗಂಡಸರು.

ಆ ತಗಡಿನ ಚೂರನ್ನೂ ಬೇಸಿನ್ನಿನ ಹುಣಸೆನೀರಿಗೆ ಹಾಕಿದಳು. ಬೆವರು ಕಚ್ಚದಿರಲೆಂದು ಕೈಗೆ ಒದ್ದೆಬಟ್ಟೆ ಸುತ್ತಿಕೊಂಡಳು. ತೆಂಗಿನ ನಾರಿಗೆ ಹುಣಸೆ ಮೆತ್ತಿ, ಬೂದಿಯಲ್ಲಿ ಅದ್ದಿ, ವಿಮಾನದ ಎಡರೆಕ್ಕೆಯನ್ನು ಉಜ್ಜತೊಡಗಿದಳು. "ಬನ್ನಿ, ಕಣ್ತುಂಬ ನೋಡಿ, ಕೂತ್ಕಂಡು ಹೋಗಿ," ಎಂದು ಪಾಪಯ್ಯನಿಗೆ ಬಾಯಲ್ಲೇ ಕರೆ ಕಳುಹಿಸುತ್ತ, ಮನಸ್ಸಿಟ್ಟು ಉಜ್ಜಿದಳು. ರೆಕ್ಕೆಯಾಯಿತು. ಹೊಟ್ಟೆಗೆ ಬಂದಳು. ನಾರು ಕಪ್ಪಾಗುತ್ತಿತ್ತು, ಕಿಲುಬು ಬಿಡುತ್ತಿದೆ ಎಂದು ಅವಳಿಗೆ ಹಿಗ್ಗು. ಆಮೇಲೆ ಇನ್ನೊಂದು ಚೊಂಬಿನಿಂದ ನೀರು ಸುರಿದಳು.

ಬೂದಿ ಇಳಿದುಹೋಯಿತು. ಕೆಳಗೆ ಹೊಳಪಿರಲಿಲ್ಲ.

ಕಪ್ಪಿತ್ತು. ಸುಟ್ಟ ಕಪ್ಪಲ್ಲ, ಕಿಲುಬಿನ ಕಪ್ಪಲ್ಲ. ಬಾವಿಯೊಳಗೆ ಬಗ್ಗಿ ನೋಡಿದಾಗ ಕಾಣುವ ನುಣುಪಾದ ಕಪ್ಪು. ರೆಕ್ಕೆಯ ಬೆಳ್ಳಿ ಚಕ್ಕೆಚಕ್ಕೆಯಾಗಿ ಎದ್ದು ಬಚ್ಚಲ ಕಾಲುವೆಯ ಕಡೆಗೆ ತೇಲುತ್ತಿತ್ತು. ಈಶ್ವರಮ್ಮ ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಬೆಳ್ಳಿ ಮೆತ್ತಿಕೊಂಡಿತು, ಹಾವು ಪೊರೆ ಬಿಟ್ಟ ಹಾಗೆ. ಲೋಹ ಕೈಗೆ ಬರುತ್ತದೆಯೇ? ಅರವತ್ತು ದಾಟಿದ ಅವಳ ಕೈ ಎಷ್ಟು ತಾಮ್ರ, ಎಷ್ಟು ಹಿತ್ತಾಳೆ ತಿಕ್ಕಿತ್ತೋ! ಒಂದಾದರೂ ಹೀಗೆ ಚರ್ಮ ಸುಲಿಸಿಕೊಂಡಿರಲಿಲ್ಲ. ಜೀವವಿರುವ ಏನನ್ನೋ ಉಜ್ಜಿಬಿಟ್ಟೆನೇ ಎಂದು ಮೈ ಜುಮ್ಮೆಂದಿತು.

"ಮುನೇಶ್ವರಾ!" ಎಂದು ಅವಳು ಕೂಗಿದ್ದು ಅಡಿಗೆಮನೆಗೂ ಕೇಳಿಸಿತು, ಒಳಗೆ ಮಲಗಿದ್ದ ರಾಜೇಂದ್ರನಿಗೂ ಕೇಳಿಸಿತು.

ಅವನು ಲುಂಗಿ ಕಟ್ಟಿಕೊಳ್ಳುತ್ತ ಹಿತ್ತಲಿಗೆ ಬಂದ. ನೋಡಿದ. ಕೂಗುತ್ತಾನೆ ಎಂದು ಈಶ್ವರಮ್ಮ ಕಾದಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಹಾಗೇ ಜಾರಿ, ಒದ್ದೆ ಮೆಟ್ಟಿಲ ಮೇಲೆ ಕೂತ.

"ಏನ್ಮಾಡ್ದೆ ಅಮ್ಮಾ?"

"ಎಡೆಗೆ ಇಡಾದು ಅಂದೆಲ್ಲಪ್ಪ. ಕಲೆ ಇತ್ತು. ಅಂಗೇ ಇಡಾಕಾಗ್ತದಾ ಹಿರಿಯರ ಮುಂದೆ? ಇಂಡಾಲಿಯಂ ಅಲ್ವೇನ್ಲಾ ಅದು?"

"ಪ್ಲಾಸ್ಟಿಕ್ ಅಮ್ಮಾ." ಅವನ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಪ್ಲಾಸ್ಟಿಕ್ಕು. ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಬೆಳ್ಳಿ. ಕನ್ನಡಿ ಹಂಗೆ ಕಪ್ಪು ಬಳಿದು, ಉಸಿರಷ್ಟು ತೆಳ್ಳಗೆ ಬೆಳ್ಳಿ ಹೊಡೆದ್ರೆ ಮಾತ್ರ ಅದು ಲೋಹ ಕಾಣೋದು. ಆ ಕಲೆನೆಲ್ಲ ನಾನೇ ಹಾಕಿದ್ದು. ಒಂದೊಂದು ಕಲೆನೂ."

ಈಶ್ವರಮ್ಮ ವಿಮಾನವನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಭಾರ ಇತ್ತಲ್ಲೋ?"

"ಮೂತಿ ಎತ್ಕೊಂಡು ಹಿಂದಕ್ಕೆ ಕೂತುಬಿಡುತ್ತೆ ಅಂತ ಸೀಸ ತುಂಬಿದ್ದೆ."

ಧನಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು.

"ಓಗ್ಲಿ ಬಿಡು ಮಗ," ಎಂದಳು ಈಶ್ವರಮ್ಮ, ತನಗೇ ಧೈರ್ಯ ಹೇಳಿಕೊಳ್ಳುವಂತೆ. "ನಿಮ್ಮಪ್ಪ ಏನೂ ಅನ್ನಾಕಿಲ್ಲ. ನನ್ನ ಕೈಯಾರೆ ಆಗಿದ್ದು ಅಂತ ನಾನೇ ಹೇಳ್ಕತೀನಿ."

ರಾಜೇಂದ್ರ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಮತ್ತೊಂದು ಸುದ್ದಿ ಇದೆಯೆಂದು ಅವಳಿಗೆ ಹೊಳೆಯಿತು.

"ನಮ್ಮನೆ ಎಡೆಗಲ್ಲಮ್ಮ," ಎಂದ. "ಕರಿಬಸಪ್ಪಣ್ಣನ ಎಡೆಗೆ."

ಕರಿಬಸಪ್ಪ ಹಿಂದಿನ ಬೀದಿಯವನು. ಹರಿಹರದ ಕಡೆಯಿಂದ ಬಂದು, ವಿಮಾನಗಳ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತನಾಗಿದ್ದ. ಭಾನುವಾರವಾದರೆ ತಾರಸಿಗೆ ಬಂದು ರಾಜೇಂದ್ರನ ಪಕ್ಕ ಕೂರುತ್ತಿದ್ದ. ಒಂದೇ ಬೆಳ್ಳಿ ಬಳಿದರೆ ಅದು ಮಕ್ಕಳ ಆಟದ ಸಾಮಾನು, ನಿಜವಾದ ವಿಮಾನದಲ್ಲಿ ತಗಡು ತಗಡಿಗೂ ಬಣ್ಣ ಬೇರೆ ಎಂದು ಅವನು ವಾದ ಮಾಡುವುದು ಕೆಳಗಿನವರೆಗೂ ಕೇಳುತ್ತಿತ್ತು. ಇಳಿದು ಬಂದು ಈಶ್ವರಮ್ಮನ ಕೈಯಿಂದ ಕಾಫಿ ಲೋಟ ಈಸಿಕೊಳ್ಳುವಾಗ ಅವನ ಬಲಗೈ ಹೆಬ್ಬೆರಳು ಕಾಣುತ್ತಿತ್ತು. ಹರೆಯದಲ್ಲಿ ತಗಡು ಸೀಳಿದ ಗಾಯ. ಬೆರಳ ತುದಿಯನ್ನು ಎರಡು ಪಾಲು ಮಾಡಿದ ನೇರ ಗೆರೆ.

"ನೋಡ್ರಿ ಅಕ್ಕಾರೆ, ನನ್ನ ಹೆಬ್ಬೆಟ್ಟಿಗೂ ಬೈತಲೆ ತೆಗೆದೇತಿ," ಎನ್ನುತ್ತಿದ್ದ. "ಹೂ ಮುಡಿಸೋದೊಂದು ಬಾಕಿ." ಪ್ರತಿಸಲವೂ ಅದೇ ಮಾತು, ಪ್ರತಿಸಲವೂ ಮೊದಲು ತಾನೇ ನಗುವುದು.

ಹೋದ ವರ್ಷ ತೀರಿಕೊಂಡಿದ್ದ. ಆಸ್ಪತ್ರೆಯಲ್ಲಿದ್ದಾಗ, ತಾನು ಹೆಚ್ಚು ಕಾಲ ದುರಸ್ತಿ ಮಾಡಿದ ಹಳೆಯ ವಿಮಾನವನ್ನು ಮಾಡಿಕೊಡೆಂದು ರಾಜೇಂದ್ರನನ್ನು ಕೇಳಿದ್ದನಂತೆ. ಇವನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಇವತ್ತು ಕರಿಬಸಪ್ಪ ಹಿರಿಯರ ಸಾಲಿಗೆ ಸೇರಿದ ಮೇಲಿನ ಮೊದಲ ಎಡೆ. ಅವನ ಹೆಂಡತಿ ಶಿವಗಂಗಾ, ಫೋಟೋದ ಮುಂದೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದಾಳೆ.

ಈಶ್ವರಮ್ಮನಿಗೆ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಮಗ ವಿಮಾನ ಮಾಡಿದ್ದು ತನ್ನ ಅಪ್ಪನಿಗಲ್ಲ ಎಂಬುದು ಒಂದು. ಇನ್ನೊಬ್ಬರ ಮನೆಯ ಸತ್ತವನ ಪಾಲನ್ನು ತಾನು ಬಚ್ಚಲಿಗೆ ಹರಿಸಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ನುಂಗಿಕೊಂಡಳು. ಎರಡನೆಯದನ್ನು ನುಂಗಲಾಗಲಿಲ್ಲ.

ಅಷ್ಟರಲ್ಲಿ ರಾಜೇಂದ್ರ ತಟ್ಟನೆ ಎದ್ದ. "ತಗಡೆಲ್ಲಿ?"

"ಯಾವುದು?"

"ಪಕ್ಕದಲ್ಲಿಟ್ಟಿದ್ನಲ್ಲ ಅಮ್ಮಾ, ಚೂರು! ಆ ವಿಮಾನದ್ದೇ ನಿಜವಾದ ತಗಡದು. ಅಣ್ಣ ಇಟ್ಕೊಂಡಿದ್ದು. ಬಣ್ಣ ಹೊಂದಿಸ್ಕೊಂಡು ಜೋಪಾನವಾಗಿ ವಾಪಸ್ ಕೊಡು ಅಂತ ಶಿವಗಂಗಕ್ಕ ಕೊಟ್ಟಿದ್ರು. ಅದನ್ನೂ ಉಜ್ಜಿದ್ಯಾ? ಅದೊಂದು ಹೋದ್ರೆ ನಾನು ಆ ಮನೆ ಹೊಸಿಲು ತುಳಿಯಕ್ಕಾಗಲ್ಲ!"

"ಉಜ್ಜಿಲ್ಲ," ಎಂದಳು ಅವಳು ಮೆಲ್ಲಗೆ. "ಹುಣಸೇಲಿ ನೆನೆ ಹಾಕಿವ್ನಿ."

ರಾಜೇಂದ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟ. ಧನಲಕ್ಷ್ಮಿ ಅವನ ಹಿಂದೆಯೇ ಹೋದಳು. ಬಾಣಲೆಯಲ್ಲಿ ಕಜ್ಜಾಯ ನಿಜವಾಗಿಯೂ ಸೀದಿತ್ತು.

ಈಶ್ವರಮ್ಮ ಬೇಸಿನ್ನಿಗೆ ಕೈ ಹಾಕಿದಳು. ತಟ್ಟೆ ಸಿಕ್ಕಿತು, ಚೊಂಬು ಸಿಕ್ಕಿತು, ತಳದಲ್ಲಿ ತಗಡು ಸಿಕ್ಕಿತು. ಮೇಲೆತ್ತಿ ಸೆರಗಿನಿಂದ ಒರೆಸಿದಳು. ವರ್ಷಗಳ ಜಿಡ್ಡು ಹೋಗಿ ಅದು ಮೀನಿನ ಹೊಟ್ಟೆಯ ಹಾಗೆ ಬೆಳ್ಳಗಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಮಂಕು ಕಲೆ ಉಳಿದಿತ್ತು. ಅದೂ ಹೋಗಿಬಿಡಲಿ, ಇಷ್ಟಾದ ಮೇಲೆ ಅರ್ಧಂಬರ್ಧ ಯಾಕೆ ಎಂದು, ಕೈಯ ಅಭ್ಯಾಸದಿಂದ, ಸೆರಗಿನ ತುದಿಯಲ್ಲಿ ಒತ್ತಿ ತಿಕ್ಕಿದಳು. ಹೋಗಲಿಲ್ಲ. ಹುಣಸೆ ಹಚ್ಚಿದಳು. ಸುತ್ತಲಿನ ಲೋಹ ಇನ್ನಷ್ಟು ಬೆಳ್ಳಗಾಯಿತು, ಕಲೆ ಇನ್ನಷ್ಟು ಎದ್ದು ಕಂಡಿತು.

ಅದು ಕಲೆಯಾಗಿರಲಿಲ್ಲ. ಕಣ್ಣ ಹತ್ತಿರ ಹಿಡಿದಳು. ನೀರಿಗೆ ಕಲ್ಲು ಹಾಕಿದಾಗ ಏಳುವಂಥ ಸುರುಳಿ ಸುರುಳಿ ಗೆರೆಗಳು, ಒಂದರ ಹಿಂದೆ ಒಂದು. ನಡುವೆ, ಮೇಲಿನಿಂದ ಕೆಳಗೆ, ಬೈತಲೆಯಂಥ ನೇರ ಸೀಳು.

ಈಶ್ವರಮ್ಮನ ಕೈ ನಿಂತಿತು. ಸೋನೆ ತಲೆಯ ಮೇಲೆ ಬೀಳುತ್ತಿರುವುದು ಗೊತ್ತಾಗಲಿಲ್ಲ. ಯಾವತ್ತೋ ಒಂದು ದಿನ ಕರಿಬಸಪ್ಪ ಕೈಗವಸು ಹಾಕಿಕೊಳ್ಳದೆ ಈ ತಗಡನ್ನು ಎತ್ತಿ ಹಿಡಿದಿದ್ದಾನೆ. ಲೋಹಕ್ಕೆ ಬೆವರು ಕಚ್ಚಿದೆ. ಆಮೇಲೆ ಎಣ್ಣೆ ಮೆತ್ತಿದೆ, ಧೂಳು ಮೆತ್ತಿದೆ, ಗುರುತು ಒಳಗೇ ಮಲಗಿದೆ. ಅವನಿಗೇ ಗೊತ್ತಿತ್ತೋ ಇಲ್ಲವೋ. ಬಳಿದ ಬೆಳ್ಳಿ ಒಂದು ಚೊಂಬು ನೀರಿಗೆ ಹೋಯಿತು. ಈ ಬೆವರು ಹೋಗಿಲ್ಲ. ಮಧ್ಯಾಹ್ನ ಬರುತ್ತಾರೆ ಎಂದುಕೊಂಡಿದ್ದ ಹಿರಿಯರಲ್ಲಿ ಒಬ್ಬ ಬೆಳಿಗ್ಗೆಯೇ, ಅದೂ ಅವಳ ಬೇಸಿನ್ನಿಗೇ ಬಂದು ಕೂತಂತಿತ್ತು. ಹೆದರಿಕೆಯೋ ಭಕ್ತಿಯೋ ಅವಳಿಗೆ ತಿಳಿಯಲಿಲ್ಲ. ತಗಡನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿದಳು.

ತಗಡು ತನ್ನ ಬಳಿ ಇದೆ ಎಂದಷ್ಟೇ ಮಗನಿಗೆ ಹೇಳಿದಳು, ಗುರುತಿನ ಸುದ್ದಿ ಹೇಳಲಿಲ್ಲ. ಇದು ಮೊದಲು ಕಾಣಬೇಕಾದವಳು ಬೇರೆಯವಳು.

"ಪೇಂಟ್ ಒಣಗಿಲ್ಲ ಅಂತೀನಿ," ಎಂದ ರಾಜೇಂದ್ರ, ಶಿವಗಂಗಾಳ ಮನೆಯ ದಾರಿಯಲ್ಲಿ. ವಿಮಾನದ ರಟ್ಟಿನ ಪೆಟ್ಟಿಗೆ ಅವನ ಕಂಕುಳಲ್ಲಿತ್ತು. "ದೀಪಾವಳಿಗೆ ತಂದುಕೊಡ್ತೀನಿ ಅಂತೀನಿ. ನೀನು ಸುಮ್ನಿರು."

ಈಶ್ವರಮ್ಮ ಎರಡು ಕಟ್ಟಡಗಳ ನಡುವೆ ಖಾಲಿ ಉಳಿದ ಸೈಟಿನ ಬೇಲಿಯ ಹತ್ತಿರ ಕ್ಷಣ ನಿಂತು, ಬಗ್ಗಿ ಏನೋ ಕಿತ್ತುಕೊಂಡಳು. ಮಂಡಿ ನೋವೆಂದು ನಿಂತಳು ಎಂದು ಅವನು ಭಾವಿಸಿದ.

ಶಿವಗಂಗಾಳ ಮನೆಯ ನಡುಕೋಣೆಯಲ್ಲಿ ಗೋಡೆಗೆ ಒರಗಿಸಿದ ಫೋಟೋ, ಮುಂದೆ ಬಾಳೆಲೆ. ಎಲೆಯ ಮೇಲೆ ಹೋಳಿಗೆ, ವಡೆ, ಬದನೆಕಾಯಿ ಪಲ್ಯ, ಕರಿಬಸಪ್ಪ ಇಷ್ಟಪಡುತ್ತಿದ್ದ ಮಂಡಕ್ಕಿ. ಪಕ್ಕದಲ್ಲಿ ಅವನ ಕನ್ನಡಕ. ಎಲೆಗೂ ಫೋಟೋಗೂ ನಡುವೆ ಒಂದು ಮಣೆ ಬರಿದಾಗಿತ್ತು. ಅದರ ಮೇಲೆ ರಂಗೋಲಿ ಮಾತ್ರ.

"ಬಂದ್ಯಾ ಅಪ್ಪಾ!" ಎಂದು ಶಿವಗಂಗಾ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಅಕ್ಕಾರೂ ಬಂದ್ರಾ, ಬರ್ರಿ ಬರ್ರಿ. ಗಂಟೆ ಹೊಡಿಯೋದೊಂದೇ ಬಾಕಿ, ನಿನ್ನ ದಾರಿನೇ ನೋಡ್ತಿದ್ದೆ."

"ಅಕ್ಕಾ, ಅದು... ಪೇಂಟ್ ಇನ್ನೂ..."

"ನಾನು ತಿಕ್ಕಿಬಿಟ್ಟೆ ಕಣವ್ವ," ಎಂದಳು ಈಶ್ವರಮ್ಮ.

ಶಿವಗಂಗಾಗೆ ಅರ್ಥವಾಗಲಿಲ್ಲ. ನಗುವ ಸಿದ್ಧತೆಯಲ್ಲಿ ಮುಖ ಹಾಗೇ ಇತ್ತು.

"ಎಡೆಗೆ ಇಡಾದು ಅಂದ್ನಾ, ಇಂಡಾಲಿಯಂ ಅನ್ಕಂಡು ಹುಣಸೆ ಬೂದಿ ಹಾಕಿ ತಿಕ್ಕಿಬಿಟ್ಟೆ. ಅವ್ನು ಪಟ್ಟ ಪಾಡೆಲ್ಲ ಬಚ್ಚಲಿಗೆ ಹೋಯ್ತು. ಅವನ ತಪ್ಪಿಲ್ಲ. ಕೈ ನಂದು."

ಶಿವಗಂಗಾ ರಾಜೇಂದ್ರನ ಕಂಕುಳಿನ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ತೆರೆದಳು. ಒಂದು ರೆಕ್ಕೆ ವಿಮಾನದ್ದು, ಇನ್ನೊಂದು ರೆಕ್ಕೆ ಕಾಗೆಯದು. ಹೊಟ್ಟೆ ಸೀಳಿದಂತೆ ಕಪ್ಪು.

"ಕೊನೇ ದಿನನೂ 'ರಾಜು ತರ್ತಾನ, ರಾಜು ತರ್ತಾನ' ಅಂತಿದ್ರಲ್ರೀ." ಅವಳ ದನಿ ಏರಲಿಲ್ಲ, ಅದೇ ಕೇಳುವವರಿಗೆ ಕಷ್ಟವಾಯಿತು. "ಈಗ ಏನಂತ ಕರೀಲಿ ಅವರನ್ನ? ಈ ಖಾಲಿ ಮಣಿ ಮುಂದ ಕೂಡ್ರಿ ಅಂತ ಕರೀಲಾ? ಪಾತ್ರೆ ಅಂತ ತಿಳ್ಕೊಂಡ್ರಾ ಅಕ್ಕಾರೆ? ವಿಮಾನನ ಯಾರಾದ್ರೂ ಪಾತ್ರೆ ಅಂತ..." ಪೆಟ್ಟಿಗೆಯನ್ನು ನೆಲಕ್ಕಿಟ್ಟು ಗೋಡೆಯ ಕಡೆ ತಿರುಗಿದಳು.

ರಾಜೇಂದ್ರ ತನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದ. ಈಶ್ವರಮ್ಮ ಸೆರಗಿನ ಗಂಟು ಬಿಚ್ಚಿದಳು. ತಗಡನ್ನು ಅಂಚಿನಲ್ಲಿ ಹಿಡಿದು, ಸೀಳು ಬಿದ್ದ ಹೆಬ್ಬೆಟ್ಟಿನ ಗುರುತು ಮೇಲೆ ಬರುವಂತೆ ತಿರುಗಿಸಿದಳು. ಬೇಲಿಯ ಬಳಿ ಕಿತ್ತು ಮುಷ್ಟಿಯಲ್ಲಿ ಹಿಡಿದು ತಂದಿದ್ದ ಒಂದೇ ಒಂದು ತುಂಬೆ ಹೂವನ್ನು ಆ ಬೈತಲೆಯ ಮೇಲೆ ಇಟ್ಟಳು.

"ಇದು ನಿಂದು ಕಣವ್ವ," ಎಂದಳು.

ಶಿವಗಂಗಾ ತಿರುಗಿದಳು. ಹೊಳೆಯುವ ತಗಡು ಕಂಡಿತು, ಬಿಳಿ ಹೂ ಕಂಡಿತು, ಆಮೇಲೆ ಹೂವಿನ ಕೆಳಗಿನದು. ಅವಳ ಕಣ್ಣು ಅಲ್ಲಿಯೇ ನಟ್ಟಿತು. ಅರಿವಿಲ್ಲದೆಯೇ ಬಲಗೈ ಮುಂದೆ ಬಂದಿತ್ತು. ಹೂ ಜಾರದಂತೆ, ಸದ್ದಾಗದಂತೆ, ಈಶ್ವರಮ್ಮ ಅದನ್ನು ಆ ಅಂಗೈಯ ಮೇಲಿಟ್ಟು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.